ಉಪ್ಪು ನೋಡದ ಅಡುಗೆ

ನಮ್ಮ ಚಿಕ್ಕಮ್ಮ ಇದುವರೆಗೆ ವಾಸಿ ಮಾಡಿರುವ ಕಾಯಿಲೆಗಳ ಸುದ್ದಿ ಸರ್ಕಾರದ ಕಿವಿಗೇನಾದರೂ ಬಿದ್ದಿದ್ದರೆ, ಇದ್ದಬದ್ದ ಆಸ್ಪತ್ರೆಗಳಿಗೆಲ್ಲ ಬೀಗ ಜಡಿದು, ಬೀಗದಕೈ ಗೊಂಚಲನ್ನು ಅವಳ ಸೊಂಟಕ್ಕೆ ಸಿಕ್ಕಿಸಿ ಹೋಗುತ್ತಿದ್ದರು! ಲಕ್ವ ಹೊಡೆದು ಮಲಗಿದ್ದವನನ್ನು ಬರೀ ಜೋಗುಳ ಹಾಡಿ ಎಬ್ಬಿಸಿದ್ದಾಳೆ. ಕಣ್ಣು ಹೋಗಿದ್ದ ಮುದುಕಿಯ ಮುಖವನ್ನು ಹಳೇ ಸೀರೆಯ ಸೆರಗಿನಲ್ಲಿ ಒರೆಸಿ ದೃಷ್ಟಿ ಬರಿಸಿದ್ದಾಳೆ. ಇನ್ನು ಸಕ್ಕರೆ ಕಾಯಿಲೆ ಅವಳಿಗೆ ಒಂದು ಲೆಕ್ಕವೇ ಅಲ್ಲ. ಮುನಿಸಿಕೊಂಡ ಓರಗಿತ್ತಿಯರೆಲ್ಲ ಒಟ್ಟಿಗೆ ನಿಂತು ಸಾರಿನ ಪಾತ್ರೆಯೊಳಕ್ಕೆ ಕಣ್ಣೀರು ಸುರಿಸಿದರೆ, ಆ ಸಾರು ಉಂಡವರ ಸಕ್ಕರೆ ಅವತ್ತಿಗೇ ಇಳಿದು ಹೋಗುತ್ತದೆ.

ಗಾಬರಿಯಾಗಬೇಡಿ. ಇಷ್ಟೆಲ್ಲ ನಡೆದಿರುವುದು ಅವಳು ಬರೆದ ಕಾದಂಬರಿಗಳಲ್ಲಿ. ನಿಜವಾಗಿ ಅವಳಿಗೆ ನೆಗಡಿಯಾದರೆ ನನಗೇ ಫೋನು ಮಾಡಿ, "ಮಗ, ಆ ಹಳದಿ ಮಾತ್ರೆ ಬಸ್ಸಲ್ಲಿ ಕಳ್ಸು" ಅನ್ನುತ್ತಾಳೆ.

ನಾನು ಕನಕಪುರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವವಳು. ಜ್ವರ, ಕೆಮ್ಮು, ಗ್ಯಾಸ್ಟ್ರಿಕ್ಕುಗಳ ಮಧ್ಯೆಯೇ ಕೂದಲು ನೆರೆತಿದೆ. ಕಾಯಿಲೆ ಎಂದರೇನು, ವಾಸಿಯಾಗುವುದೆಂದರೇನು ಎಂದು ನನಗೆ ಅಷ್ಟೋ ಇಷ್ಟೋ ಗೊತ್ತಿದೆ. ಸಾರಿಗೆ ಕಣ್ಣೀರು ಬಿದ್ದರೆ ಉಪ್ಪು ಜಾಸ್ತಿಯಾಗುತ್ತದೆಯೇ ಹೊರತು ಸಕ್ಕರೆ ಇಳಿಯುವುದಿಲ್ಲ ಎನ್ನುವಷ್ಟು ವಿಜ್ಞಾನವಂತೂ ಗೊತ್ತು. ಇದನ್ನು ಚಿಕ್ಕಮ್ಮನಿಗೆ ಹೇಳಿದರೆ, "ನಿನ್ ತಲೇಲಿ ಬರೀ ಮಾತ್ರೆ ತುಂಬ್ಕೊಂಡೈತೆ, ಪಾಪ" ಎಂದು ನನಗಾಗಿಯೇ ಮರುಗುತ್ತಾಳೆ. ಮರುಗಬೇಕಾದವರು ಯಾರು ಅನ್ನುವುದನ್ನು ನೀವೇ ತೀರ್ಮಾನಿಸಿ.

ಅವಳಿರುವುದು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಅಂಗನವಾಡಿ ಟೀಚರಾಗಿದ್ದು ನಿವೃತ್ತಳಾದಳು. ನಿವೃತ್ತರಾದವರು ದೇವಸ್ಥಾನ ಸುತ್ತುತ್ತಾರೆ, ಇಲ್ಲವೇ ಸೊಸೆಯನ್ನು ಗೋಳು ಹುಯ್ದುಕೊಳ್ಳುತ್ತಾರೆ. ಇವಳಿಗೆ ಸೊಸೆ ಇಲ್ಲದ್ದರಿಂದ ಕನ್ನಡ ಸಾಹಿತ್ಯವನ್ನು ಹಿಡಿದುಕೊಂಡಳು. ಅಂಗನವಾಡಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಕಥೆಗಳಿಗೇ ಒಂದಿಷ್ಟು ವಿಚ್ಛೇದನ, ಒಂದಿಷ್ಟು ಮಂಡಿನೋವು ಸೇರಿಸಿದರೆ ಕಾದಂಬರಿ ಆಗುತ್ತದೆ ಎಂದು ಅವಳಿಗೆ ಯಾರು ಹೇಳಿದರೋ ಕಾಣೆ!

ಒಂದನ್ನು ಓದಿದರೆ ಎಲ್ಲವನ್ನೂ ಓದಿದ ಹಾಗೆ. ಮೊದಲ ಅಧ್ಯಾಯದಲ್ಲಿ ಮನಸ್ಸು ಮುರಿದುಕೊಂಡ ಹೆಂಗಸೊಬ್ಬಳು ಬ್ಯಾಗು ಹಿಡಿದು ತವರಿನ ಬಸ್ಸು ಹತ್ತುತ್ತಾಳೆ. ಅಲ್ಲಿ ಅಟ್ಟದ ಮೇಲೋ ಹಿತ್ತಲಲ್ಲೋ ಒಂದು ಬೀಸೋಕಲ್ಲು ಸಿಗುತ್ತದೆ. ಬೀಸೋಕಲ್ಲಿಗೆ ಮಾತು ಬರುತ್ತದೆ. (ಮನೆಯ ಗಂಡಸರಿಗೆ ಮಾತ್ರ ಪುಸ್ತಕ ಮುಗಿದರೂ ಬಾಯಿ ಬರುವುದಿಲ್ಲ!) ಕಲ್ಲು ಹೇಳಿದ ಹಾಗೆ ಇವಳು ರಾಗಿ ಬೀಸುತ್ತಾಳೆ, ಹಿಟ್ಟಿನ ಜೊತೆ ಹಳೇ ನೆನಪೆಲ್ಲ ಉದುರುತ್ತದೆ. ಕಡೇ ಅಧ್ಯಾಯದಲ್ಲಿ ಯಾವತ್ತೋ ಮುನಿಸಿಕೊಂಡು ಹೋಗಿದ್ದ ಅಕ್ಕನೊಬ್ಬಳು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಎಲ್ಲರೂ ಅಳುತ್ತಾರೆ, ಎಲ್ಲರೂ ಉಣ್ಣುತ್ತಾರೆ, ಯಾರದೋ ಕಾಯಿಲೆ ವಾಸಿಯಾಗುತ್ತದೆ, ಶುಭಂ. ಮುಂದಿನ ಕಾದಂಬರಿಯಲ್ಲಿ ಬೀಸೋಕಲ್ಲಿನ ಬದಲು ಒನಕೆ.

ಇವನ್ನು ಅಚ್ಚು ಮಾಡುವುದು ಚನ್ನಪಟ್ಟಣದ ಒಂದು ಪ್ರೆಸ್ಸು. ಆ ಪ್ರೆಸ್ಸಿನವನಿಗೆ ಮದುವೆ ಪತ್ರಿಕೆ ಬಿಟ್ಟು ಬೇರೇನೂ ಮಾಡಿ ಅಭ್ಯಾಸವಿಲ್ಲ. ಹಾಗಾಗಿ ಪುಸ್ತಕದ ರಟ್ಟಿನ ಮೇಲೆ ಗಣಪತಿ, ಎರಡು ಕಡೆ ಬಾಳೆಕಂಬ, ನಾಲ್ಕು ಮೂಲೆಗೆ ಅರಿಶಿನ. ಒಂದು ಪುಸ್ತಕದ ಕಡೇ ಪುಟದಲ್ಲಿ ಅಭ್ಯಾಸಬಲದಿಂದ 'ತಮ್ಮ ಆಗಮನವನ್ನು ಬಯಸುವ' ಎಂದೂ ಅಚ್ಚಾಗಿತ್ತು. ಅದನ್ನು ಓದಿದ ಯಾರೋ ದಂಪತಿ ಜರಿ ಬಟ್ಟೆ ಉಟ್ಟು, ಸ್ಟೀಲ್ ಡಬ್ಬ ಪ್ಯಾಕ್ ಮಾಡಿಸಿಕೊಂಡು, ಚಿಕ್ಕಮ್ಮನ ಮನೆ ಮುಂದೆ ಇಳಿದರಂತೆ. ಚಿಕ್ಕಮ್ಮ ಅವರಿಗೆ ಊಟ ಹಾಕಿ, ಇನ್ನೊಂದು ಪುಸ್ತಕವನ್ನೂ ಕೊಟ್ಟು ಕಳಿಸಿದಳು. ಆ ದಂಪತಿ ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಇನ್ನೊಂದು ಕಾದಂಬರಿಯಲ್ಲಿ ಅರಗಿನ ಬಣ್ಣದ ಬೊಂಬೆಯೊಂದು ನಡುಮನೆಯಲ್ಲಿ ಕೂತು ಮನೆಯವರ ಗುಟ್ಟನ್ನೆಲ್ಲ ಹೇಳುತ್ತದೆ. ಅದು ಓದುಗರ ಕೈಗೆ ಬಿದ್ದ ಮೇಲೆ ಚನ್ನಪಟ್ಟಣದ ಬೊಂಬೆ ಅಂಗಡಿಯ ಸಾಹೇಬರು ಸಂತೆಯಲ್ಲಿ ಇವಳನ್ನು ತಡೆದು ನಿಲ್ಲಿಸಿದರಂತೆ.

"ಏನಮ್ಮಾ ಇದು, ಮಾತಾಡೋ ಬೊಂಬೆ ಕೊಡಿ ಅಂತ ಬತ್ತಾವ್ರೆ! ನಮ್ ತಾತನ ಕಾಲದಿಂದ ಬೊಂಬೆ ಮಾಡ್ತಾ ಇದೀವಿ, ಒಂದೂ ಬಾಯಿ ಬಿಟ್ಟಿಲ್ಲ."

"ನೀವೇ ಮೊದ್ಲು ಮಾತಾಡ್ಸಿ ನೋಡಿದ್ದೀರಾ ಸಾಹೇಬ್ರೇ?" ಎಂದಳಂತೆ ಇವಳು.

ಸಾಹೇಬರು ತಲೆ ಮೇಲೆ ಕೈಯಿಟ್ಟುಕೊಂಡು ಹೋದರು. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಇವಳ ಓದುಗರು ಯಾರು ಅಂತೀರಾ? ಊರ ಸ್ತ್ರೀಶಕ್ತಿ ಸಂಘದ ಹೆಂಗಸರು. ಅವರ ಅಕ್ಕತಂಗಿಯರು, ನಾದಿನಿಯರ ಮೂಲಕ ಇವಳ ಕೀರ್ತಿ ಮಾಗಡಿಯವರೆಗೆ ಹಬ್ಬಿದೆ. ನಮ್ಮ ದುರದೃಷ್ಟಕ್ಕೆ ಕನಕಪುರಕ್ಕೂ ಬಂದಿದೆ. ಒಂದು ದಿನ ಹೆಂಗಸೊಬ್ಬರು ಅಂಗಡಿಗೆ ಬಂದು, ಡಾಕ್ಟರು ಬರೆದ ಚೀಟಿಯನ್ನು ಪಕ್ಕಕ್ಕಿಟ್ಟು, ದನಿ ತಗ್ಗಿಸಿ ಕೇಳಿದರು.

"ಮಂಡಿಗೆ ಆ ಎಣ್ಣೆ ಐತಾ?"

"ಯಾವ ಎಣ್ಣೆ?"

"ಅದೇ, ಅತ್ತೆ ಸೊಸೆ ರಾಜಿಯಾದ ದಿನ ತಾನಾಗೇ ಉಕ್ಕೋ ಹೊಂಗೆ ಎಣ್ಣೆ."

ನಾನು ಹೇಳಿದೆ: "ಅತ್ತೆ ಸೊಸೆ ರಾಜಿಯಾದ ದಿನ ಬನ್ನಿ, ಕೊಡ್ತೀನಿ." ಆಯಮ್ಮ ನಿಟ್ಟುಸಿರು ಬಿಟ್ಟು, "ಹಂಗಾದ್ರೆ ಚೀಟೀಲಿರೋದೇ ಕೊಡಿ" ಅಂದರು. ಅವರ ಸೊಸೆಯ ಪರಿಚಯ ನನಗಿದೆ, ಪಾಪ.

ಚಿಕ್ಕಮ್ಮನ ಹುಚ್ಚಾಟಕ್ಕೆ ಹುಳುಗಳೂ ಹೊರತಲ್ಲ. ನಮ್ಮ ಚಿಕ್ಕಪ್ಪ ರೇಷ್ಮೆ ಹುಳು ಸಾಕುತ್ತಾನೆ. ಬಾಯಿಲ್ಲದ ಮನುಷ್ಯ, ಬಾಯಿಲ್ಲದ ಹುಳು. ಅವನಿಗೂ ಅವಕ್ಕೂ ಚೆನ್ನಾಗಿ ಹೊಂದಿಕೆಯಾಗಿತ್ತು. ಇವಳು ಹೋಗಿ ಹುಳದ ಮನೆಯಲ್ಲಿ ಸ್ಟೂಲು ಹಾಕಿಕೊಂಡು ತನ್ನ ಕಾದಂಬರಿಯನ್ನು ಗಟ್ಟಿಯಾಗಿ ಓದಲು ಶುರುಮಾಡಿದಳು! ಆ ಸಲ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಇವರ ಗೂಡಿಗೆ ಒಳ್ಳೆಯ ರೇಟು ಬಂತು. "ನೋಡ್ದಾ, ತಾಯಿ ಮಗಳು ಒಂದಾದ ಅಧ್ಯಾಯ ಕೇಳ್ಕೊಂಡು ಕಟ್ಟಿದ ಗೂಡು!" ಎಂದು ಮೆರೆದಳು. ಮುಂದಿನ ಸಲ ಅರ್ಧ ಹುಳು ಗೂಡು ಕಟ್ಟದೆ ಸತ್ತವು. ಯಾಕೆ ಎಂದರೆ, "ಆ ಅಧ್ಯಾಯದಲ್ಲಿ ಒಸಿ ದುಃಖ ಜಾಸ್ತಿ ಆಗೋಯ್ತು ಮಗ, ತಡ್ಕಳಕ್ಕಾಗಿಲ್ಲ ಅವಕ್ಕೆ" ಎಂದು ಕಣ್ಣೊರೆಸಿಕೊಂಡಳು. ಸೊಪ್ಪಿನ ಮೇಲೆ ಪಕ್ಕದ ತೋಟದವರು ಹೊಡೆದ ಔಷಧಿ ಬಿದ್ದಿತ್ತು ಎಂದು ಚಿಕ್ಕಪ್ಪ ಆಮೇಲೆ ನನಗೆ ಪಿಸುಗುಟ್ಟಿದ. ಅವಳ ಮುಂದೆ ಹೇಳುವ ಧೈರ್ಯ ಯಾರಿಗಿದೆ?

ನನ್ನ ಹೊಟ್ಟೆ ಉರಿಯುವುದು ಇದಕ್ಕೆಲ್ಲ ಅಲ್ಲ. ಬರೆದುಕೊಂಡು ಹೋಗಲಿ, ಕಾಗದ ಅವಳದು, ಕೈ ಅವಳದು. ಆದರೆ ಊರವರ ಮನೆಯ ಅಕ್ಕತಂಗಿಯರನ್ನೆಲ್ಲ ಪುಸ್ತಕ ಪುಸ್ತಕದಲ್ಲೂ ಒಂದು ಮಾಡಿದ ಈ ಮಹಾತಾಯಿ, ತನ್ನ ಸ್ವಂತ ಅಕ್ಕನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆ ಅಕ್ಕ ಬೇರೆ ಯಾರೂ ಅಲ್ಲ, ನನ್ನ ಜೊತೆ ಕನಕಪುರದಲ್ಲಿರುವ ನಮ್ಮಮ್ಮ.

ಜಗಳಕ್ಕೆ ಕಾರಣ ಕೇಳಿದರೆ ನಗುತ್ತೀರಿ. ಆಸ್ತಿಯಲ್ಲ, ಒಡವೆಯಲ್ಲ. ಸತ್ತುಹೋದ ನಮ್ಮಜ್ಜಿಗೆ ಯಾವ ಸಾರು ಇಷ್ಟ ಎನ್ನುವುದು!

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ, ಬಾಳೆಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಬದುಕಿರುವವರು ಬಾಯಿ ನೋಡುತ್ತ ಕೂತರೆ ಹಿರಿಯರಿಗೆ ಸಂಕೋಚವಾಗುತ್ತದಲ್ಲ, ಅದಕ್ಕೆ. ಅವರು ಬಂದು ಉಂಡು ಹೋದರು ಅನ್ನಿಸುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆಯುವುದು. ಇದರಲ್ಲಿ ಒಂದು ಕಟ್ಟುನಿಟ್ಟು ಉಂಟು: ಎಡೆಯ ಅಡುಗೆಯನ್ನು ಮಾಡುವವರು ರುಚಿ ನೋಡಕೂಡದು. ಹಿರಿಯರಿಗಿಂತ ಮೊದಲು ನಮ್ಮ ನಾಲಿಗೆ ತಾಗಿದರೆ ಎಡೆ ಎಂಜಲು. ಆದ್ದರಿಂದ ಹಬ್ಬದ ದಿನ ಊರಿನ ಯಾವ ಮನೆಯಲ್ಲೂ ಉಪ್ಪು ಸರಿಯಾಗಿರುವುದಿಲ್ಲ. ಸತ್ತವರು ದೂರು ಹೇಳುವುದಿಲ್ಲವಾದ್ದರಿಂದ ನಡೆದುಕೊಂಡು ಬಂದಿದೆ.

ಅಜ್ಜಿಗೆ ಗಂಡುಮಕ್ಕಳಿರಲಿಲ್ಲ. ಅಮ್ಮ ಮದುವೆಯಾಗಿ ಕನಕಪುರಕ್ಕೆ ಬಂದಳು. ಚಿಕ್ಕಮ್ಮನಿಗೆ ಮನೆ ಅಳಿಯನನ್ನು ತಂದರು, ಅವಳು ತವರಿನಲ್ಲೇ ಉಳಿದಳು. ಅಜ್ಜಿ ತೀರಿದ ಮೇಲಿನ ಮೊದಲ ಎಡೆಗೆ ಅಮ್ಮ ಹೋಗಿ ನೋಡುತ್ತಾಳೆ, ಎಲೆ ಮೇಲೆ ಮುದ್ದೆ, ಬಸ್ಸಾರು! ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿನ ಸಾರು!

"ಕೋಳಿ ಸಾರು ಎಲ್ಲೇ? ಅವ್ವ ಕೋಳಿ ಅಂದ್ರೆ ಪ್ರಾಣ ಬುಡ್ತಿದ್ಲು!"

"ಅದು ಯಾವ್ ಕಾಲದ್ ಮಾತಕ್ಕ? ಹಲ್ಲು ಬಿದ್ಮೇಲೆ ಅವ್ವ ಕೋಳಿ ಮುಟ್ತಿರ್ನಿಲ್ಲ. ಬಸ್ಸಾರೇ ಬೇಕು ಅಂತಿದ್ಲು."

ಅಮ್ಮನಿಗೆ ಗೊತ್ತಿದ್ದದ್ದು ಹಲ್ಲಿದ್ದ ಅಜ್ಜಿ, ಚಿಕ್ಕಮ್ಮನಿಗೆ ಹಲ್ಲಿಲ್ಲದ ಅಜ್ಜಿ. ಇಬ್ಬರೂ ಹೇಳಿದ್ದು ನಿಜವೇ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಮಾತಿಗೆ ಮಾತು ಬೆಳೆಯಿತು. "ಬರೀ ಸೊಪ್ಪಿನ ನೀರು ಹುಯ್ದೇ ಅವ್ವನ್ನ ಸಾಯಿಸ್ದೆ ಅನ್ನು" ಎಂದಳು ಅಮ್ಮ. "ಕಡೇಗಾಲದಲ್ಲಿ ಬಂದು ಒಂದು ತುತ್ತು ತಿನ್ನಿಸ್ದೇ ಇದ್ದೋಳು ಅವ್ವನ ನಾಲ್ಗೆ ವಿಚಾರ ಮಾತಾಡ್ಬ್ಯಾಡ" ಎಂದಳು ಚಿಕ್ಕಮ್ಮ. ಒಳಗೆ ಅಜ್ಜಿ ಉಣ್ಣುತ್ತಿರುವಾಗ ಹೊರಗೆ ಅಂಗಳದಲ್ಲಿ ಮಕ್ಕಳಿಬ್ಬರೂ ಹೀಗೆ ಕಿತ್ತಾಡಿದರು. ಅಮ್ಮ ನೀರೂ ಮುಟ್ಟದೆ ಬಸ್ಸು ಹತ್ತಿದಳು.

ಅಲ್ಲಿಂದಾಚೆಗೆ ಅಜ್ಜಿಗೆ ಎರಡು ಮನೆಯಲ್ಲಿ ಊಟ. ಮದುವೆಯಾಗಿ ಹೋದ ಮಗಳು ತವರಿನವರಿಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಪದ್ಧತಿಗಿಂತ ಹಟ ದೊಡ್ಡದು. ಅಮ್ಮ ಕನಕಪುರದಲ್ಲಿ ನಾಟಿ ಕೋಳಿ ಕುಯ್ಯಿಸಿ ಅಜ್ಜಿಗೆ ಬೇರೆಯದೇ ಎಡೆ ಇಟ್ಟಳು, ಪ್ರತಿ ವರ್ಷವೂ ಇಟ್ಟಳು. ಆ ಮುದುಕಿ ಒಂದೇ ಮಧ್ಯಾಹ್ನ ವಿರೂಪಾಕ್ಷಿಪುರದ ಕಡೆ ಬಸ್ಸಾರು ಉಂಡು, ರಾಮನಗರದಲ್ಲಿ ಬಸ್ಸು ಬದಲಾಯಿಸಿ, ಕನಕಪುರಕ್ಕೆ ಬಂದು ಕೋಳಿ ತಿನ್ನಬೇಕು. ಬದುಕಿದ್ದಾಗಲೂ ಅಷ್ಟು ತಿರುಗಿದವಳಲ್ಲ!

ಚಿಕ್ಕಮ್ಮ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ದಿನಾ ಮಧ್ಯಾಹ್ನ ಅಂಗಡಿಗೆ ಫೋನು. ಗಿರಾಕಿಗಳು ನಿಂತಿರುವಾಗಲೇ ಯಾವುದೋ ಬೀಸೋಕಲ್ಲಿನ ಕಷ್ಟಸುಖ ಕೊರೆದು ಕೊರೆದು, ಇಡುವ ಮುಂಚೆ ಒಂದು ಪ್ರಶ್ನೆ: "ಅಕ್ಕ ಉಂಡ್ಲಾ?"

"ಉಂಡ್ಲು" ಎಂದರೆ ಸಾಕು, ಫೋನು ಇಟ್ಟುಬಿಡುತ್ತಿದ್ದಳು.

ಹೋದ ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಬಾಯಿರುಚಿಯನ್ನೂ ಹೊತ್ತುಕೊಂಡು ಹೋಯಿತು. ಏನು ಕೊಟ್ಟರೂ "ಮಣ್ಣು ತಿಂದಂಗಾಗ್ತದೆ" ಎಂದು ತಟ್ಟೆ ತಳ್ಳುವಳು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಉಪ್ಪಿನಕಾಯಿಯನ್ನು ನಾಲಿಗೆಗೆ ಇಟ್ಟರೂ ಮುಖದಲ್ಲಿ ಏನೂ ಇಲ್ಲ. ಡಾಕ್ಟರುಗಳು ಟೆಸ್ಟ್ ಮಾಡಿಸಿ, "ಸರಿಹೋಗುತ್ತೆ, ಟೈಮ್ ಬೇಕು" ಎಂದರು. ನನ್ನ ಅಂಗಡಿಯ ಗಾಜಿನ ಬೀರುವಿನಲ್ಲಿದ್ದ ಟಾನಿಕ್ಕುಗಳೆಲ್ಲ ಒಂದೊಂದಾಗಿ ಮನೆಗೆ ಬಂದವು. ಅಮ್ಮ ದಿನೇದಿನೇ ಕಡ್ಡಿಯಾದಳು. ಬಳೆ ಮೊಣಕೈಗೆ ಜಾರುತ್ತಿತ್ತು. ಊರಿಗೆಲ್ಲ ಔಷಧಿ ಕೊಡುವವಳು ನಾನು, ನನ್ನ ತಾಯಿಗೆ ಒಂದು ತುತ್ತು ಇಳಿಸಲಾಗದೆ ರಾತ್ರಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಹೀಗೇ ಆದರೆ ಅಮ್ಮ ಉಳಿಯುವುದಿಲ್ಲ ಎಂದು ನನಗೆ ಖಂಡಿತವಾಗಿ ಅನ್ನಿಸಿಬಿಟ್ಟಿತ್ತು.

ಒಂದು ದಿನ "ಅಕ್ಕ ಉಂಡ್ಲಾ?" ಎಂದಾಗ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಆ ಕಡೆಯಿಂದ ಮೂಗು ಸೀಟಿದ ಶಬ್ದ.

"ನೀನೇನೂ ಯೋಚ್ನೆ ಮಾಡ್ಬ್ಯಾಡ ಮಗ. ಇದುನ್ನ ಮುಂದಿನ್ ಕಾದಂಬರೀಲಿ ನೋಡ್ಕತೀನಿ."

ಎಂಥಾ ಮಾತು! ಒಡಹುಟ್ಟಿದವಳು ಅನ್ನ ನೀರು ಬಿಟ್ಟು ಮಲಗಿದ್ದರೆ, ಹತ್ತಿಕೊಂಡು ಬರಲು ಬಸ್ಸಿಲ್ಲವೇ ಇವಳಿಗೆ? ಕಾದಂಬರಿಯಂತೆ ಕಾದಂಬರಿ! ನಾನು ಬಾಯಿಗೆ ಬಂದಂತೆ ಬೈದು ಫೋನು ಕುಕ್ಕಿದೆ.

ಪಿತೃಪಕ್ಷ ಶುರುವಾಗುವ ಹೊತ್ತಿಗೆ ಗಣಪತಿ, ಬಾಳೆಕಂಬದ ರಟ್ಟು ಹೊತ್ತು ಹೊಸ ಪುಸ್ತಕ ಬಂತು. ಮೇಲೆ, 'ಅಕ್ಕನಿಗೆ ಓದಿ ಹೇಳು' ಎಂದು ಬರೆದಿತ್ತು. ಮಲಗಿದಲ್ಲೇ ಇರುವ ಅಮ್ಮನಿಗೆ ಹೊತ್ತಾದರೂ ಹೋಗಲಿ ಎಂದು ಓದತೊಡಗಿದೆ. ಯಥಾಪ್ರಕಾರ ಬ್ಯಾಗು, ಬಸ್ಸು, ತವರು. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಮೂರನೇ ಅಧ್ಯಾಯಕ್ಕೆ ಬಂದಾಗ ನನ್ನ ನಾಲಿಗೆ ತಡವರಿಸಿತು.

"ಯಾಕ್ ನಿಲ್ಲಿಸ್ದೆ? ಓದು."

"ಬೇಡ ಬಿಡಮ್ಮ, ಏನೋ ಹುಚ್ಚು ಬರೆದಿದ್ದಾಳೆ."

"ಓದು ಅಂದೆ!"

ಓದಿದೆ. ಆ ಅಧ್ಯಾಯದಲ್ಲಿ ಅಕ್ಕ ಸತ್ತುಹೋಗುತ್ತಾಳೆ. ಹೇಗೆ ಅಂದಿರಿ? ಗಂಟಲಿಗೆ ಕೋಳಿ ಮೂಳೆ ಸಿಕ್ಕಿಕೊಂಡು! ತಂಗಿ ಎಷ್ಟೋ ಹೇಳಿದಳಂತೆ, ವಯಸ್ಸಾಯಿತು, ಕೋಳಿ ಬೇಡ, ಬಸ್ಸಾರು ಉಣ್ಣು ಅಂತ. ಅಕ್ಕ ಕೇಳಲಿಲ್ಲವಂತೆ. ಸತ್ತ ಮೇಲೆ ಬುದ್ಧಿ ಬಂದು, ಬಸ್ಸಾರಿನ ಒಗ್ಗರಣೆ ವಾಸನೆಯ ರೂಪದಲ್ಲಿ ತವರುಮನೆ ಸುತ್ತುತ್ತಿರುತ್ತಾಳಂತೆ!

ಎಷ್ಟೋ ದಿನದಿಂದ ಗೋಡೆ ಕಡೆ ತಿರುಗಿ ಮಲಗಿದ್ದ ಅಮ್ಮ ಎದ್ದು ಕೂತಳು. ಮುಖ ಕೆಂಪಗಾಗಿತ್ತು.

"ನನ್ನ ಸಾಯಿಸ್ಬುಟ್ಲಾ? ಕೋಳಿ ಮೂಳೆ ಸಿಗಾಕಿಸಿ ಸಾಯಿಸ್ಬುಟ್ಲಾ? ನಾನಿನ್ನೂ ಉಸಿರಾಡ್ತಾ ಇವ್ನಿ! ಅಮಾಸೆ ದಿನ ಕಾರ್ ಹೇಳು. ಎಡೆ ಇಡೋ ಹೊತ್ತಿಗೆ ಸರಿಯಾಗಿ ಹೋಗಿ, ಊರೋರ ಮುಂದೇನೇ ಅವಳ ಗಾಚಾರ ಬುಡಿಸ್ತೀನಿ!"

ಬೇಡವೆಂದರೆ ಕೇಳುವ ಪೈಕಿಯೇ? ಮಹಾಲಯ ಅಮಾವಾಸ್ಯೆಯ ದಿನ ಬಾಡಿಗೆ ಕಾರು ಹತ್ತಿದೆವು. ಸೀಟಿನ ಮೂಲೆಯಲ್ಲಿ ಮಡಿಸಿಟ್ಟ ಸೀರೆಯಷ್ಟೇ ಆಗಿದ್ದ ಅಮ್ಮ, ರಾಮನಗರ ದಾಟುವವರೆಗೂ ಬೈಗುಳ ಜೋಡಿಸಿಕೊಳ್ಳುತ್ತಿದ್ದಳು. ಚನ್ನಪಟ್ಟಣ ಬಂದಾಗ "ಒಸಿ ನಿಲ್ಸು" ಎಂದಳು. ಸುಸ್ತಾಯಿತೇನೋ ಎಂದು ಹೆದರಿದೆ. "ಒಂದು ಚಿಪ್ಪು ಬಾಳೆಹಣ್ಣು, ಎಲೆ ಅಡಿಕೆ, ಹೂವು ತಗೊಂಡು ಬಾ" ಎಂದಳು.

"ಜಗಳಕ್ಕೆ ಹೋಗೋರಿಗೆ ಹೂವು ಯಾಕಮ್ಮ?"

"ಜಗಳ ಆಡೋದು ಬ್ಯಾರೆ. ತವರಿಗೆ ಬರಿಗೈಲಿ ಹೋಗ್ತಾರಾ?"

ಊರು ಮುಟ್ಟಿದಾಗ ಚಿಕ್ಕಮ್ಮನ ಅಂಗಳ ನೆಂಟರಿಂದ ಗಿಜಿಗುಡುತ್ತಿತ್ತು. ಸ್ತ್ರೀಶಕ್ತಿ ಸಂಘ ಪೂರ್ತಿ ಹಾಜರ್. ನಾನು ಕಾರಿನಿಂದ ಇಳಿದದ್ದೇ ತಡ, ಹೊಂಗೆ ಎಣ್ಣೆಯಲ್ಲಿ ಮಂಡಿನೋವು ವಾಸಿ ಮಾಡಿಕೊಂಡಿದ್ದ ಅಷ್ಟೂ ಓದುಗರು ನನ್ನನ್ನು ಮುತ್ತಿಕೊಂಡರು: "ಮೆಡಿಕಲ್ ಅಕ್ಕ, ಮಂಡಿಗೆ ಒಂದು ಒಳ್ಳೆ ಮಾತ್ರೆ ಹೇಳಿ!" ಸಾಹಿತ್ಯದ ಪರಿಣಾಮ ಎಷ್ಟೆಂದು ಅಲ್ಲೇ ತಿಳಿಯಿತು.

ಅವರಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಅಮ್ಮ ಒಬ್ಬಳೇ ಗೋಡೆ ಹಿಡಿದುಕೊಂಡು ಒಳಗೆ ಹೋಗಿದ್ದಳು. ಚಿಕ್ಕಮ್ಮ ಹಿತ್ತಲ ಒಲೆಯ ಮುಂದಿದ್ದಳು. ಅಕ್ಕ ಬಂದದ್ದು ಅವಳಿಗೆ ಗೊತ್ತೇ ಇಲ್ಲ. ಒಳಗೆ ಬಡಿಸುವ ಗಡಿಬಿಡಿ, ಆಮೇಲೆ ಧೂಪದ ಹೊಗೆ. ಎಲ್ಲರೂ ಕೈಮುಗಿದು ಹೊರಗೆ ಬಂದರು. ಕನ್ನಡಕವನ್ನು ಹುಳದ ಮನೆಯಲ್ಲೇ ಮರೆತಿದ್ದ ಚಿಕ್ಕಪ್ಪ ಒಳಗೊಮ್ಮೆ ಇಣುಕಿ, "ಯಾರೂ ಇಲ್ಲ" ಎಂದು ಬಾಗಿಲು ಎಳೆದು ಚಿಲಕ ಹಾಕಿದ. ನಾನು ಅಂಗಳವೆಲ್ಲ ಕಣ್ಣಾಡಿಸಿದೆ.

"ಚಿಕ್ಕಮ್ಮ, ಅಮ್ಮ ಎಲ್ಲಿ?"

"ಯಾವಮ್ಮ?"

"ನಿಮ್ಮಕ್ಕ! ನನ್ ಜೊತೆ ಬಂದ್ಲು!"

"ಅಕ್ಕ ಬಂದವ್ಳಾ? ನಿಜವಾಗ್ಲೂ ಬಂದವ್ಳಾ?" ಎಂದು ಚಿಕ್ಕಮ್ಮ ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದಳು. "ಪುಸ್ತಕದಲ್ಲೆಲ್ಲಾ ಕರೆದೆ ಕಣೆ, ಎಷ್ಟು ಪುಸ್ತಕದಲ್ಲಿ ಕರೆದೆ! ಬದುಕಿರೋ ಅಕ್ಕನ್ನ ಕರೆದ್ರೆ ಬರ್ನಿಲ್ಲ. ಕೋಳಿ ಮೂಳೆ ಇಟ್ಟು ಸಾಯಿಸ್ದೆ, ಬಂದ್ಬುಟ್ಲು! ನಂಗೊತ್ತಿತ್ತು, ಕ್ವಾಪ ಬಂದ್ರೇನೇ ಎದ್ ಬರೋದು ಅವ್ಳು."

ಆ ಕ್ಷಣದಲ್ಲಿ ಅವಳ ಉಪಾಯಕ್ಕೆ ತಲೆದೂಗುವ ಸ್ಥಿತಿಯಲ್ಲಿ ನಾನಿರಲಿಲ್ಲ. "ಒಳಗೇ ಇದ್ದಾಳೆ ಅಮ್ಮ! ಆ ಹೊಗೆಯಲ್ಲಿ! ಬಾಗಿಲು ತೆಗೀರಿ!" ಎಂದು ನುಗ್ಗಿದೆ. ಸಂಘದ ಹೆಂಗಸರು ಅಡ್ಡ ನಿಂತರು.

"ಹಂಗೆಲ್ಲಾ ತೆಗೀಬಾರ್ದು ಕಣವ್ವ! ಹಿರೀಕ್ರು ಉಣ್ತಾವ್ರೆ!"

ಅಷ್ಟರಲ್ಲಿ ಒಳಗಿನಿಂದ ಲೋಟದ ಸದ್ದು ಬಂತು. ನೀರು ಕುಡಿದು ಕೆಳಗಿಟ್ಟ ಸದ್ದು. ಒಬ್ಬಳು ಗಲ್ಲ ಗಲ್ಲ ಬಡಿದುಕೊಂಡು, "ಬಂದವ್ರೆ! ಅಜ್ಜಿ ಬಂದವ್ರೆ!" ಎಂದಳು. ಉಳಿದವರು ಅಲ್ಲೇ ಅಡ್ಡಬಿದ್ದರು. ಇನ್ನು ಇವರ ಮಧ್ಯೆ ನನ್ನ ತಾಯಿ ಉಸಿರುಕಟ್ಟಿ ಸಾಯಬೇಕೇ? ಅಡ್ಡಬಿದ್ದವರನ್ನು ದಾಟಿಕೊಂಡು ಹೋಗಿ ಚಿಲಕ ತೆಗೆದು ಬಾಗಿಲು ತಳ್ಳಿದೆ.

ಹೊಗೆ ಹೊರಗೆ ಹರಿದ ಮೇಲೆ ಕಂಡದ್ದು 'ಒಂದು' ಎಲೆಯಲ್ಲ, ಪಕ್ಕಪಕ್ಕದಲ್ಲಿ ಎರಡು. ಒಂದರ ಮೇಲೆ ಮುದ್ದೆ, ಕೋಳಿ ಸಾರು, ಮುಟ್ಟದೆ ಹಾಗೇ ಇತ್ತು. ಇನ್ನೊಂದು ಖಾಲಿ! ಬಾಳೆಲೆಯನ್ನು ಬೆರಳಲ್ಲಿ ಬಳಿದು ನೆಕ್ಕಿದಂತಿತ್ತು. ರಾಗಿ ತುಂಬುವ ಹಳೇ ವಾಡೆಯ ಮಗ್ಗುಲಲ್ಲಿ, ಚಿಕ್ಕಂದಿನಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದೆ ಎಂದು ಅವಳು ಹೇಳುತ್ತಿದ್ದ ಅದೇ ಮೂಲೆಯಲ್ಲಿ, ಅಮ್ಮ ಗೋಡೆಗೊರಗಿ ಕೂತಿದ್ದಳು. ಸುಸ್ತಾಗಿ ವಾಡೆಯ ಮರೆಯಲ್ಲೇ ನಿದ್ದೆ ಹೋಗಿದ್ದಳಂತೆ, ಬಡಿಸಿದವರ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಕಣ್ಣು ಬಿಟ್ಟಿದ್ದಳು. ಗಲ್ಲದ ಮೇಲೆ ಬಸ್ಸಾರು ಸುರಿದಿತ್ತು.

"ಎರಡು ಎಲೆ ಯಾಕೆ?" ಎಂದೆ ನಾನು. ಬೇರೇನು ಕೇಳಬೇಕೋ ತೋಚಲಿಲ್ಲ.

ಯಾವತ್ತೂ ಬಾಯಿ ಬಿಡದ ಚಿಕ್ಕಪ್ಪ ಹೇಳಿದ: "ಪ್ರತಿ ವರ್ಸಾನೂ ಎರ್ಡೇ. ಅಕ್ಕ ಜಗಳ ಆಡ್ಕೊಂಡು ಹೋದ್ ಮೇಲಿಂದ್ಲೂ. ಒಂದು ಇವ್ಳು ಹೇಳ್ದಂಗೆ, ಒಂದು ಅಕ್ಕ ಹೇಳ್ದಂಗೆ."

ಚಿಕ್ಕಮ್ಮ ಹೊಸ್ತಿಲ ಮೇಲೆಯೇ ನಿಂತಿದ್ದಳು. ಕಾದಂಬರಿಗಳಲ್ಲಿ ಈ ಜಾಗಕ್ಕೆ ಬಂದಾಗಲೆಲ್ಲ ಅವಳ ಹೆಂಗಸರು ಪುಟಗಟ್ಟಲೆ ಮಾತಾಡುತ್ತಾರೆ. ಇವಳಿಗೆ ಒಂದು ಮಾತೂ ಬರಲಿಲ್ಲ. ಅಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳ ಈಗ ಬರುತ್ತದೆ ಎಂದು ನಾನು ಕಾದೆ.

"ಹಸಿವಾಯ್ತು, ಉಂಡೆ" ಎಂದಳು ಅಮ್ಮ. ಆಮೇಲೆ ಬೆರಳನ್ನು ಇನ್ನೊಮ್ಮೆ ಬಾಯಿಗಿಟ್ಟುಕೊಂಡು, ಹುಬ್ಬು ಗಂಟಿಕ್ಕಿದಳು. "ಬಸ್ಸಾರಿಗೆ ಉಪ್ಪು ಕಮ್ಮಿ ಆಗೈತೆ ಕಣೆ."

"ಏನಂದೆ ಅಕ್ಕ?"

"ಕಿವಿ ಕೇಳಲ್ವಾ? ಉಪ್ಪು. ಕಮ್ಮಿ."

ನಾನು ಓಡಿಹೋಗಿ ಹಿತ್ತಲ ಒಲೆಯ ಮೇಲಿದ್ದ ಪಾತ್ರೆಯಿಂದ ಸೌಟಿನಲ್ಲಿ ಮೊಗೆದು ನಾಲಿಗೆಗೆ ಹಾಕಿಕೊಂಡೆ. ಚಪ್ಪೆ. ನಿಜಕ್ಕೂ ಉಪ್ಪು ಕಡಿಮೆಯಿತ್ತು! ಟಾನಿಕ್ಕಿಗೂ ಮಾತ್ರೆಗೂ ಬಗ್ಗದ ನಮ್ಮಮ್ಮನ ನಾಲಿಗೆ, ರುಚಿ ನೋಡದೆ ಮಾಡಿದ ಆ ದರಿದ್ರ ಸಾರಿನಲ್ಲಿ ತಪ್ಪು ಕಂಡುಹಿಡಿದಿತ್ತು. ಸೌಟು ಹಿಡಿದುಕೊಂಡು ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಡಾಕ್ಟರು ಹೇಳಿದ್ದ 'ಟೈಮ್' ಅವತ್ತಿಗೆ ಬಂದಿತ್ತು, ಅಷ್ಟೇ. ಚಿಕ್ಕಮ್ಮ ಬೇರೆ ಏನಾದರೂ ಹೇಳಿದರೆ ನೀವು ನಂಬಬೇಡಿ.

ಒಳಗೆ ಬಂದು ನೋಡಿದರೆ ಚಿಕ್ಕಮ್ಮ ಉಪ್ಪಿನ ಡಬ್ಬ, ಇನ್ನೊಂದು ಮುದ್ದೆ ತಂದು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಡಿಸಿ ಉಳಿದಿದ್ದ ಸಾರನ್ನು ಎಲೆಗೆ ಬಿಡುತ್ತಿದ್ದಳು. ಕಣ್ಣೀರು, ಮೂಗು ಎಲ್ಲ ಒಂದಾಗಿ ಟಪಟಪ ಸುರಿಯುತ್ತಿತ್ತು.

"ಆ ಕಡೆ ತಿರುಗ್ಕೊಂಡು ಅಳೇ" ಎಂದು ಗದರಿದಳು ಅಮ್ಮ. "ಎಲೆ ಮ್ಯಾಲೆ ಅತ್ತು ಅತ್ತು ಉಪ್ಪು ಜಾಸ್ತಿ ಮಾಡ್ಬ್ಯಾಡ."

ಹಾಗೆ ಗದರುತ್ತಲೇ, ಎಡಗೈಯಲ್ಲಿ ತಂಗಿಯ ಮುಖ ಒರೆಸುತ್ತ, ಬಲಗೈಯಲ್ಲಿ ಮುದ್ದೆ ಮುರಿದಳು.